ನಾಲ್ಕು ಪೈಸೆಯ ಕಡ್ಡಿ

ಬೆಂಕಿಪೊಟ್ಟಣಕ್ಕೆ ಎರಡು ರೂಪಾಯಿ. ಒಳಗೆ ಸುಮಾರು 50 ಕಡ್ಡಿ. ಕಡ್ಡಿಯೊಂದಕ್ಕೆ ನಾಲ್ಕು ಪೈಸೆ ಬಿತ್ತು.

ರಾಯಬಾಗ ತಾಲ್ಲೂಕಿನ ದಿಗ್ಗೇವಾಡಿಯೇ ಇರಲಿ, ಕೃಷ್ಣೆಯ ದಂಡೆಯ ಇನ್ನಾವ ಊರೇ ಇರಲಿ, ಕಬ್ಬು ಕಡಿದು ಗ್ಯಾಂಗಿನವರು ಮುಂದಿನ ಹೊಲಕ್ಕೆ ಹೋದ ಮೇಲೆ ಹಿಂದೆ ಉಳಿಯುವುದು ರವದಿ. ಕಾಲಿಟ್ಟರೆ ಪಾದ ಮುಳುಗುವಷ್ಟು ಒಣ ಸೋಗೆ. ಗಾಳಿ ನಿಂತ ಹೊತ್ತು ನೋಡಿ ಒಬ್ಬರು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕಡ್ಡಿ ಗೀರುತ್ತಾರೆ. ಆ ನಾಲ್ಕು ಪೈಸೆ ಮುಂದೆ ಏನೇನು ಮಾಡುತ್ತದೆ?

ಒಂದು ಕಡ್ಡಿ ಪೂರ್ತಿ ಉರಿದರೆ ಹೊರಬರುವ ಶಾಖ ಸುಮಾರು ಒಂದು ಕಿಲೊಜೂಲ್. ಎಕರೆ ಕಬ್ಬಿನಲ್ಲಿ ಸುಮಾರು ಮೂರು ಟನ್ ಒಣ ರವದಿ ಸಿಗುತ್ತದೆ. ಕಿಲೊಗೆ 15 ಸಾವಿರ ಕಿಲೊಜೂಲ್ ಎಂದು ಹಿಡಿದರೆ ಒಟ್ಟು ನಾಲ್ಕೂವರೆ ಕೋಟಿ. ಗೀರಿದ್ದು ಒಂದು ಕಡ್ಡಿ, ಉರಿದದ್ದು ನಾಲ್ಕೂವರೆ ಕೋಟಿ ಕಡ್ಡಿ. ಅಷ್ಟನ್ನೂ ಅಂಗಡಿಯಿಂದ ತರುವುದಾದರೆ 9 ಲಕ್ಷ ಪೊಟ್ಟಣ, 18 ಲಕ್ಷ ರೂಪಾಯಿ.

ಅಡುಗೆಮನೆಯ ಲೆಕ್ಕಕ್ಕೆ ಬರೋಣ. 14.2 ಕಿಲೊ ಗ್ಯಾಸ್ ಸಿಲಿಂಡರಿನಲ್ಲಿ ಸುಮಾರು ಆರೂವರೆ ಲಕ್ಷ ಕಿಲೊಜೂಲ್ ಶಾಖವಿದೆ. ಎಕರೆ ರವದಿ ಎಂದರೆ ಹೆಚ್ಚುಕಡಿಮೆ 70 ಸಿಲಿಂಡರ್. ಬೆಳಗಾವಿ ಜಿಲ್ಲೆಯಲ್ಲಿ ಕಬ್ಬು 2 ಲಕ್ಷ ಹೆಕ್ಟೇರಿಗೂ ಮಿಕ್ಕಿದೆ, ಅಂದರೆ 5 ಲಕ್ಷ ಎಕರೆ. ಒಂದು ಹಂಗಾಮಿನಲ್ಲಿ ಜಿಲ್ಲೆಯ ನೆಲದ ಮೇಲೆ ಬಿದ್ದಿರುವ ಶಾಖ ಮೂರೂವರೆ ಕೋಟಿ ಸಿಲಿಂಡರಿನಷ್ಟು! ಐದು ಜನರ ಮನೆ ಎಂದು ಎಣಿಸಿ ಹಂಚಿದರೆ ಮನೆಗೆ 35ಕ್ಕೂ ಹೆಚ್ಚು ಬರುತ್ತವೆ. ಎಲ್ಲವನ್ನೂ ಯಾರೂ ಸುಡುವುದಿಲ್ಲ, ನಿಜ. ಹತ್ತರಲ್ಲೊಂದು ಪಾಲು ಸುಟ್ಟರೂ 35 ಲಕ್ಷ ಸಿಲಿಂಡರ್ ಬಯಲಲ್ಲಿ ಉರಿದಂತಾಯಿತು. ಅವುಗಳಲ್ಲಿ ಒಂದರ ಕಿಡಿ ಬದು ದಾಟಿದರೆ ಪಕ್ಕದವರ ನಿಂತ ಕಬ್ಬು ಹೋಯಿತು.

ಆರಿಸುವುದಕ್ಕೆ ಹೊರಡೋಣ. ಒಂದು ಲೀಟರ್ ನೀರು ಕಾದು, ಕುದಿದು, ಪೂರ್ತಿ ಆವಿಯಾಗುವಾಗ ಹೀರಿಕೊಳ್ಳುವ ಶಾಖ ಸುಮಾರು 2,550 ಕಿಲೊಜೂಲ್. ಎಕರೆ ರವದಿಯ ಶಾಖವನ್ನೆಲ್ಲ ನೀರೇ ನುಂಗಬೇಕೆಂದರೆ ಹದಿನೇಳೂವರೆ ಸಾವಿರ ಲೀಟರ್ ಬೇಕು. 4,500 ಲೀಟರಿನ ಅಗ್ನಿಶಾಮಕ ವಾಹನಗಳು ನಾಲ್ಕು ಬರಬೇಕು, ಒಂದು ಹನಿಯೂ ಪೋಲಾಗಬಾರದು. ಬೇಗ ಬಂದು ಅಂಚನ್ನು ತಡೆದರೆ ಇಷ್ಟು ನೀರು ಬೇಕಾಗದು. ಆದರೆ ಒಣ ರವದಿ ವಾಹನ ಬರುವವರೆಗೆ ಕಾಯುವುದಿಲ್ಲ.

ಬೆಂಕಿ ಕಾಡಿಗೆ ಬಿದ್ದರೆ ಲೆಕ್ಕ ಇನ್ನೂ ದೊಡ್ಡದು. 2019ರ ಫೆಬ್ರುವರಿಯಲ್ಲಿ ರಾಜ್ಯದ ಇನ್ನೊಂದು ತುದಿಯ ಬಂಡೀಪುರ ಹೊತ್ತಿ, 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತ್ತು. ವಾಯುಪಡೆಯ ಹೆಲಿಕಾಪ್ಟರುಗಳು ದೊಡ್ಡ ಬಕೆಟ್ ಜೋತುಬಿಟ್ಟುಕೊಂಡು ನೀರು ಸುರಿದವು. ಅಂಥ ಬಕೆಟ್ಟಿಗೆ ಹಿಡಿಸುವುದು ಹೆಚ್ಚೆಂದರೆ 3,500 ಲೀಟರ್. ನಮ್ಮ ರವದಿಯ ಲೆಕ್ಕದಲ್ಲಿ ಎಕರೆಗೆ ಐದು ಬಕೆಟ್. ಹತ್ತು ಸಾವಿರ ಎಕರೆಗೆ ಎಷ್ಟೆಂದು ಗುಣಿಸಿ ನೋಡಿ.

ಮೇಲೆ ಉಪಗ್ರಹ ಕಾಯುತ್ತಿದೆಯಲ್ಲ? ಭಾರತೀಯ ಅರಣ್ಯ ಸಮೀಕ್ಷೆ ಕಾಡ್ಗಿಚ್ಚಿನ ಸಂದೇಶ ಕಳುಹಿಸಲು ಬಳಸುವ ಉಪಗ್ರಹ ಚಿತ್ರದ ಒಂದು ಚುಕ್ಕೆಯ ಉದ್ದ 375 ಮೀಟರ್, ಅಗಲವೂ ಅಷ್ಟೇ. ಒಂದು ಚುಕ್ಕೆಗೆ 35 ಎಕರೆ. ಅದು ಹೇಳುವುದು ಹೊತ್ತಿದ ಮೇಲಿನ ಸುದ್ದಿ. ಕಡ್ಡಿ ಹಿಡಿದ ಕೈ ಅದಕ್ಕೆ ಕಾಣದು.

ಆ ಕೈಯನ್ನು ತಲುಪಲು ಇಟ್ಟಿರುವ ದುಡ್ಡೆಷ್ಟು? 15ನೇ ಹಣಕಾಸು ಆಯೋಗ ವಿಪತ್ತಿನ ನಿಧಿಯನ್ನು ಹಂಚಿದ ಬಗೆ ನೋಡಿ. ರೂಪಾಯಿಯಲ್ಲಿ 70 ಪೈಸೆ ಪರಿಹಾರಕ್ಕೆ ಮತ್ತು ಮರುಕಟ್ಟುವುದಕ್ಕೆ, 20 ಪೈಸೆ ಅಪಾಯ ತಗ್ಗಿಸುವುದಕ್ಕೆ, 10 ಪೈಸೆ ಸನ್ನದ್ಧತೆ ಮತ್ತು ತರಬೇತಿಗೆ. ಕಾಡ್ಗಿಚ್ಚಿಗೆಂದೇ ಕೇಂದ್ರ ರೂಪಿಸಿದ ಯೋಜನೆಯೊಂದಿದೆ: 19 ರಾಜ್ಯ, 144 ಜಿಲ್ಲೆ, 818.92 ಕೋಟಿ ರೂಪಾಯಿ. ಜಿಲ್ಲೆಗೆ ಸರಾಸರಿ ಐದೂಮುಕ್ಕಾಲು ಕೋಟಿ. ಬೆಳಗಾವಿಯಷ್ಟು, ಅಂದರೆ 2011ರ ಗಣತಿಯಂತೆ ಸುಮಾರು 48 ಲಕ್ಷ, ಜನರಿರುವ ಜಿಲ್ಲೆಯಲ್ಲಿ ಇದನ್ನು ಹಂಚಿದರೆ ತಲೆಗೆ 12 ರೂಪಾಯಿ. ಆರು ಬೆಂಕಿಪೊಟ್ಟಣದ ಬೆಲೆ. ಊರೂರಿಗೆ ಹೋಗಿ ತಿಳಿಹೇಳುವ ಖರ್ಚಿಗೆ ಅದರಲ್ಲೊಂದು ಪಾಲು ಮಾತ್ರ.

ತಿಳಿಹೇಳುವುದೇನನ್ನು? ಮೂರು ಟನ್ ರವದಿಯಲ್ಲಿ ಸುಮಾರು 12 ಕಿಲೊ ಸಾರಜನಕ, ಅಂದರೆ 26 ಕಿಲೊ ಯೂರಿಯಾದಷ್ಟು. 45 ಕಿಲೊ ಚೀಲಕ್ಕೆ 266 ರೂಪಾಯಿ 50 ಪೈಸೆ ಇರುವಾಗ ಸುಟ್ಟುಹೋದದ್ದು ನೂರೈವತ್ತು ರೂಪಾಯಿಯ ಗೊಬ್ಬರ. ಈ ಲೆಕ್ಕ ಒಪ್ಪಿಸಿದರೆ ರೈತ ನಗುತ್ತಾನೆ. ರವದಿ ಎಳೆದು ಹಾಕುವ ಒಂದು ದಿನದ ಕೂಲಿ ಅದಕ್ಕಿಂತ ಹೆಚ್ಚು. ಸಾಲಿನಲ್ಲಿ ನೀರು ಹರಿಯದು, ಕುಳೆ ಬೇಗ ಚಿಗುರದು ಎಂಬ ಅವನ ತಕರಾರಿಗೆ ಭಿತ್ತಿಪತ್ರದಲ್ಲಿ ಉತ್ತರವಿಲ್ಲ. ಸಾಲು ಬಿಟ್ಟು ಸಾಲಿಗೆ ರವದಿ ಹಾಸಿ, ಖಾಲಿ ಸಾಲಿನಲ್ಲಿ ನೀರು ಬಿಟ್ಟು, ಅವನ ಕಣ್ಣೆದುರೇ ಮಾಡಿ ತೋರಿಸಬೇಕು. ಪುಡಿ ಮಾಡುವ ಯಂತ್ರ ಬಾಡಿಗೆಗೆ ಸಿಗುವಂತಿರಬೇಕು, ಅದೂ ಕಡಿದ ವಾರದಲ್ಲೇ.

ಹಾಗೆ ತೋರಿಸಲು ಬರುವವರ ಬಸ್ ಚಾರ್ಜು, ಒಂದು ದಿನದ ಪಗಾರ, ಯಂತ್ರಕ್ಕೆ ಡೀಸೆಲ್: ಕಾಡ್ಗಿಚ್ಚು ತಡೆಯುವ ಶಿಕ್ಷಣಕ್ಕೆ ದುಡ್ಡು ಎಂದರೆ ಇಷ್ಟೇ. ಅವರು ಬದುವಿಗೆ ಮೊದಲು ಬಂದರೆ ಎದುರಿಸಬೇಕಾದ್ದು ಒಂದು ಕಿಲೊಜೂಲನ್ನು. ತಡವಾದರೆ ನಾಲ್ಕೂವರೆ ಕೋಟಿಯನ್ನು.