ಕೇಳಿ ಬರೆದ ಪುಸ್ತಕಗಳು

ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟುಗಳೇ ವಿಳಾಸ. ಒಂದನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಎಂದರೆ ಆಟೊದವರಿಗೆ ಬೇರೇನೂ ಹೇಳಬೇಕಿಲ್ಲ. 1916ರಲ್ಲಿ ಬೆಳಗಾವಿಗೆ ಬಂದು ಹೋಮ್ ರೂಲ್ ಲೀಗ್ ಕಟ್ಟಿದ ಲೋಕಮಾನ್ಯ ಟಿಳಕರ ಹೆಸರು ಹೊತ್ತ ಈ ಭಾಗದಲ್ಲಿ ಕಟ್ಟೆಯ ಮೇಲೆ ಮರಾಠಿಯಲ್ಲಿ ಶುರುವಾದ ಹರಟೆ ಕನ್ನಡದಲ್ಲಿ ಮುಗಿಯುತ್ತದೆ. ಅದು ಯಾರಿಗೂ ವಿಶೇಷ ಅನಿಸುವುದಿಲ್ಲ. ಹೊರಗಿನವರಿಗೆ ಬೆಳಗಾವಿ ಎಂದೊಡನೆ ಗಡಿ ಗಲಾಟೆ ನೆನಪಾಗುತ್ತದೆ. ಆದರೆ ಈ ಊರು ಎರಡು ಭಾಷೆಗಳಿಗೂ ಕೊಟ್ಟ ದೊಡ್ಡ ಕಾಣಿಕೆ ಕನ್ನಡ–ಮರಾಠಿ ಅನುವಾದ. ಆ ಕಸುಬನ್ನು ಓದುಗರಿಗೆ ಪರಿಚಯಿಸುವುದೇ ಈ ಬರಹದ ಉದ್ದೇಶ.

ಮರಾಠಿಯ ದೊಡ್ಡ ಲೇಖಕರು ಹಲವರು ಕನ್ನಡವನ್ನು ಕಿವಿಯಲ್ಲಿಟ್ಟುಕೊಂಡೇ ಇಲ್ಲಿ ಬಾಳಿದರು. ಪು.ಲ. ದೇಶಪಾಂಡೆ ಟಿಳಕವಾಡಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರು ಬರೆದ ‘ರಾವ್‌ಸಾಹೇಬ’ ಎಂಬ ವ್ಯಕ್ತಿಚಿತ್ರದ ಬೆಳಗಾವಿ ಗೃಹಸ್ಥನ ಮರಾಠಿಯಲ್ಲಿ ಕನ್ನಡದ ಗಾಳಿ ತುಂಬಿದೆ. ಪುಣೆ, ಮುಂಬೈಯ ಓದುಗರು ಆ ಮಾತನ್ನು ಇಂದಿಗೂ ಸವಿಯುತ್ತಾರೆ. 1984ರಲ್ಲಿ ‘ಗರ್ಭರೇಶೀಮ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕವಯಿತ್ರಿ ಇಂದಿರಾ ಸಂತ ಇದೇ ಊರಿನಲ್ಲಿ ನೆಲೆಸಿದ್ದರು. ಇಲ್ಲಿ ಓದಿದ ಜಿ.ಎ. ಕುಲಕರ್ಣಿ ಧಾರವಾಡದಲ್ಲಿ ಇಂಗ್ಲಿಷ್ ಕಲಿಸುತ್ತ ಮರಾಠಿಯಲ್ಲಿ ಕತೆ ಬರೆದರು.

ಆದರೆ ನನ್ನ ಮಟ್ಟಿಗೆ ಈ ಕಸುಬಿನ ತುತ್ತತುದಿ ಬೆಳಗಾವಿಯಲ್ಲಿ ಹುಟ್ಟಿ ಮದುವೆಯಾಗಿ ಪುಣೆಗೆ ಹೋದ ಉಮಾ ಕುಲಕರ್ಣಿ. ಕನ್ನಡ ಮಾತು ಬಲ್ಲ ಅವರಿಗೆ ಕನ್ನಡ ಲಿಪಿ ಸರಾಗವಾಗಿರಲಿಲ್ಲ. ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಟೇಪ್‌ರೆಕಾರ್ಡರಿನಲ್ಲಿ ಧ್ವನಿಮುದ್ರಿಸುತ್ತಿದ್ದರು. ಅವರು ಕೆಲಸಕ್ಕೆ ಹೋದ ಮೇಲೆ ಉಮಾ ಆ ಕ್ಯಾಸೆಟ್ ಕೇಳುತ್ತ ಮರಾಠಿಯಲ್ಲಿ ಬರೆಯುತ್ತಿದ್ದರು. ಹೀಗೆ ಕೇಳಿ ಬರೆದ ಅನುವಾದಗಳ ಪಟ್ಟಿಯಲ್ಲಿ ಶಿವರಾಮ ಕಾರಂತರ ಕೃತಿಗಳಿವೆ, ತೇಜಸ್ವಿಯವರ ‘ಕರ್ವಾಲೊ’ ಇದೆ, ಭೈರಪ್ಪನವರ ‘ಪರ್ವ’ದಂಥ ಬೃಹತ್ ಕಾದಂಬರಿಯೂ ಇದೆ. ‘ವಂಶವೃಕ್ಷ’ದ ಅನುವಾದಕ್ಕೆ 1989ರ ಸಾಹಿತ್ಯ ಅಕಾಡೆಮಿ ಅನುವಾದ ಪ್ರಶಸ್ತಿ ಬಂತು, ಅಕಾಡೆಮಿ ಆ ಪ್ರಶಸ್ತಿಯನ್ನು ಆರಂಭಿಸಿದ್ದೇ ಆ ವರ್ಷ. ಭೈರಪ್ಪ ಮಹಾರಾಷ್ಟ್ರದ ಮನೆಮಾತಾಗಲು ಈ ದಂಪತಿಯ ದುಡಿಮೆ ದೊಡ್ಡ ಕಾರಣ. ವಿರೂಪಾಕ್ಷರು ಮರಾಠಿಯಿಂದ ಕನ್ನಡಕ್ಕೂ ಪುಸ್ತಕಗಳನ್ನು ತಂದರು.

ಈ ಕ್ರಮದಲ್ಲಿ ಅನುವಾದದ ಒಂದು ಗುಟ್ಟಿದೆ. ಕಣ್ಣಿನಿಂದ ಓದುವವರು ಪದಕ್ಕೆ ಪದ ಹುಡುಕುತ್ತಾರೆ. ಕೇಳುವವರಿಗೆ ಮೊದಲು ಸಿಗುವುದು ಉಸಿರು: ಪಾತ್ರ ಎಲ್ಲಿ ತಡೆದು ಮಾತಾಡಿತು, ಎಲ್ಲಿ ಸಿಟ್ಟಾಯಿತು, ಲೇಖಕ ಎಲ್ಲಿ ವಾಕ್ಯವನ್ನು ಬೇಕೆಂದೇ ಎಳೆದ. ಅದು ಗೊತ್ತಾದ ಮೇಲೆ ಪದಗಳು ತಾವಾಗಿ ಬರುತ್ತವೆ. ಅನುವಾದಕ್ಕೆ ಕೈಹಾಕುವ ಹೊಸಬರು ಮೂಲ ಪುಸ್ತಕದ ಕೆಲವು ಪುಟಗಳನ್ನಾದರೂ ಬೇರೆಯವರಿಂದ ಓದಿಸಿ ಕೇಳಬೇಕು.

ಮರಾಠಿಯಿಂದ ಕನ್ನಡಕ್ಕೆ ಬಂದ ಸಂಪತ್ತೂ ಕಡಿಮೆಯಲ್ಲ. ಬೆಳಗಾವಿ ತಾಲೂಕಿನ ಹುದಲಿಯ ವಿ.ಎಂ. ಇನಾಂದಾರ್ ಅವರು ಮರಾಠಿ ಕಾದಂಬರಿಕಾರ ಖಾಂಡೇಕರರ ‘ಯಯಾತಿ’ಯನ್ನು ಕನ್ನಡಿಸಿದರು. 1974ರ ಜ್ಞಾನಪೀಠ ಖಾಂಡೇಕರರಿಗೆ ಸಂದಿತು. ಖಾನಾಪುರ ತಾಲೂಕಿನಿಂದ ಬಂದ ಚಂದ್ರಕಾಂತ ಪೋಕಳೆ, ಸುಭಾಷಚಂದ್ರ ಬೋಸರ ಬದುಕಿನ ಮೇಲೆ ವಿಶ್ವಾಸ ಪಾಟೀಲರು ಬರೆದ ‘ಮಹಾನಾಯಕ’ವನ್ನು ಕನ್ನಡಕ್ಕೆ ಕೊಟ್ಟರು. ಇವೆಲ್ಲಕ್ಕಿಂತ ನಮ್ಮನ್ನು ಅಲುಗಾಡಿಸಿದ್ದು ದಲಿತ ಆತ್ಮಕಥೆಗಳು. 1978ರಲ್ಲಿ ದಯಾ ಪವಾರರ ‘ಬಲುತಂ’, 1980ರಲ್ಲಿ ಲಕ್ಷ್ಮಣ ಮಾನೆಯವರ ‘ಉಪರಾ’, 1984ರಲ್ಲಿ ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ ಮರಾಠಿಯಲ್ಲಿ ಬಂದವು. ಲಿಂಬಾಳೆಯವರ ಪುಸ್ತಕವನ್ನು ದು.ನಿಂ. ಬೆಳಗಲಿ ‘ಅಕ್ರಮ ಸಂತಾನ’ವೆಂದು ಕನ್ನಡಕ್ಕೆ ತಂದರು.

ಇಂಥ ಪುಸ್ತಕಗಳು ಅನುವಾದಕರನ್ನು ನಿಜವಾಗಿ ಪರೀಕ್ಷೆಗೆ ಒಡ್ಡುತ್ತವೆ. ಕನ್ನಡ, ಮರಾಠಿ ಎರಡರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ, ನೂರಾರು ಪದಗಳು ಎರಡರಲ್ಲೂ ಇವೆ, ಹಬ್ಬ–ಅಡುಗೆ–ಬೈಗುಳ ಒಂದೇ ಬಗೆಯವು. ಆದ್ದರಿಂದ ಸುಲಭ ಎನ್ನಿಸುತ್ತದೆ, ಮೋಸವಾಗುವುದೂ ಅಲ್ಲಿಯೇ. ಅವಸರ ಮಾಡಿದರೆ ಕನ್ನಡ ಅಕ್ಷರದೊಳಗೆ ಮರಾಠಿ ವಾಕ್ಯ ಹಾಗೇ ಉಳಿಯುತ್ತದೆ. ಇನ್ನು ಕೇರಿಯ ಮಾತನ್ನು ಯಾವ ಕನ್ನಡಕ್ಕೆ ತರಬೇಕು? ಪಠ್ಯಪುಸ್ತಕದ ಕನ್ನಡಕ್ಕೆ ತಂದರೆ ಆ ನೋವು ಇಸ್ತ್ರಿ ಮಾಡಿದ ಅಂಗಿಯಂತೆ ಕಾಣುತ್ತದೆ. ಮಹಾರಾಷ್ಟ್ರದ ಹಳ್ಳಿಯ ಸಂಕಟ ಹೊರಲು ಖಾನಾಪುರ, ಚಿಕ್ಕೋಡಿ, ಅಥಣಿಯ ಮಾತೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಮಾತು ಬೆಳಗಾವಿ ಸೀಮೆಯ ಅನುವಾದಕರ ಬಾಯಲ್ಲಿ ಆಗಲೇ ಇದೆ, ಕಲಿಯಬೇಕಿಲ್ಲ.

2025ರಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್ ಬಹುಮಾನದಲ್ಲಿ ಅನುವಾದಕಿ ದೀಪಾ ಭಾಸ್ತಿಯವರಿಗೆ ಸಮಪಾಲು ಸಿಕ್ಕಿತು. ನಾವೆಲ್ಲ ಹೆಮ್ಮೆಪಟ್ಟೆವು. ಆ ಗೌರವ ಭಾರತದ ಎರಡು ಭಾಷೆಗಳ ನಡುವೆ ದುಡಿಯುವವರಿಗೂ ಸಲ್ಲಬೇಕು. ಎಷ್ಟೋ ಕನ್ನಡ ಪುಸ್ತಕಗಳಲ್ಲಿ ಅನುವಾದಕರ ಹೆಸರು ಇಂದಿಗೂ ಒಳಪುಟದ ಸಣ್ಣ ಅಕ್ಷರಕ್ಕೆ ಸರಿದಿರುತ್ತದೆ.

ಟಿಳಕವಾಡಿಯ ಮನೆಗಳಲ್ಲಿ ಎರಡೂ ಭಾಷೆ ಆಡುತ್ತ ಬೆಳೆದ ಮಕ್ಕಳು ಈಗ ಇಂಗ್ಲಿಷ್ ಶಾಲೆಗಳಲ್ಲಿದ್ದಾರೆ. ಅವರ ಕಿವಿಗೆ ಎರಡೂ ಬರುತ್ತವೆ, ಕೈಗೆ ಎರಡೂ ಬರುವುದಿಲ್ಲ. ಹೀಗೇ ಬಿಟ್ಟರೆ ಮುಂದಿನ ತಲೆಮಾರಿನಲ್ಲಿ ಈ ಕಸುಬು ನಡೆಸುವವರು ಸಿಗಲಾರರು. ಕುವೆಂಪು ಭಾಷಾ ಭಾರತಿ ಪ್ರಾಧಿಕಾರವೂ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಸೇರಿ ಬೆಳಗಾವಿಯಲ್ಲಿ ಪ್ರತಿವರ್ಷ ಕನ್ನಡ–ಮರಾಠಿ ಅನುವಾದದ ಕಮ್ಮಟ ನಡೆಸಲಿ, ಪ್ರಕಾಶಕರು ಅನುವಾದಕರ ಹೆಸರನ್ನು ಮುಖಪುಟಕ್ಕೆ ತರಲಿ. ಓದುಗರೂ ಅಂಗಡಿಗೆ ಹೋದಾಗ ಲೇಖಕರ ಜೊತೆಗೆ ಅನುವಾದಕರ ಹೆಸರು ಹೇಳಿ ಪುಸ್ತಕ ಕೇಳಲಿ.