ಅಲೆಗೆ ಹಿಂದೆ ಬೀಳದ ಲೆಕ್ಕ

೨೦೦೪ರ ಡಿಸೆಂಬರ್ ೨೬ರ ಬೆಳಗ್ಗೆ ಸುಮಾತ್ರದ ಬಳಿ ಎದ್ದ ಸುನಾಮಿಯು ಚೆನ್ನೈ ತೀರವನ್ನು ಮುಟ್ಟಲು ಎರಡು ಗಂಟೆಗೂ ಮಿಕ್ಕ ಕಾಲ ಹಿಡಿಯಿತು. ಆದರೂ ತೀರದ ಜನರಿಗೆ ಯಾವ ಮುನ್ಸೂಚನೆಯೂ ತಲಪಲಿಲ್ಲ.

ಇಂಥ ಅಲೆಯ ಗತಿಯನ್ನು ಮುಂದಾಗಿ ಎಣಿಸಬೇಕಾದರೆ, ಕಡಲನ್ನು ಚದುರಂಗದ ಮಣೆಯಂತೆ ಮನೆಗಳಾಗಿ ಭಾಗಿಸಿ, ಪ್ರತಿಯೊಂದು ಮನೆಯ ನೀರಿನ ಮಟ್ಟವನ್ನು ಕಾಲದ ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕಬೇಕು. ಆ ಹೆಜ್ಜೆ ಎಷ್ಟು ದೊಡ್ಡದಾಗಿರಬಹುದು?

ಉತ್ತರವು ೧೯೨೮ರಲ್ಲಿಯೇ ದೊರೆತಿದ್ದಿತು. ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕ ರಿಚರ್ಡ್ ಕೂರಾಂಟರು, ಫ್ರೀಡ್ರಿಕ್ಸ್ ಮತ್ತು ಲೆವಿ ಎಂಬ ತರುಣ ಗಣಿತಜ್ಞರೊಡನೆ ಬರೆದ ಪ್ರಬಂಧದಲ್ಲಿ ಅದನ್ನು ಕಾಣಬಹುದು. ವಿದ್ಯುನ್ಮಾನ ಗಣಕಯಂತ್ರವು ಇನ್ನೂ ಹುಟ್ಟಿರದ ಕಾಲವದು. ಸಮೀಕರಣಗಳಿಗೆ ಪರಿಹಾರ ಉಂಟೆಂದು ಸಾಧಿಸುವುದಷ್ಟೇ ಅವರ ಉದ್ದೇಶವಾಗಿದ್ದಿತು.

ನಿಯಮ ಸರಳ: ಅಲೆಯು ಒಂದು ಮನೆಯನ್ನು ದಾಟುವ ಕಾಲಕ್ಕಿಂತ ಲೆಕ್ಕದ ಹೆಜ್ಜೆ ದೊಡ್ಡದಾಗಕೂಡದು. ೪೦೦೦ ಮೀಟರು ಆಳದ ಕಡಲಿನಲ್ಲಿ ಸುನಾಮಿಯು ಸೆಕೆಂಡಿಗೆ ಸುಮಾರು ೨೦೦ ಮೀಟರು ಧಾವಿಸುತ್ತದೆ. ಮನೆಯ ಅಗಲ ೨ ಕಿಲೋಮೀಟರು ಇದ್ದಲ್ಲಿ, ಹೆಜ್ಜೆ ೧೦ ಸೆಕೆಂಡನ್ನು ಮೀರಬಾರದು. ಮೀರಿದರೆ ಅತ್ಯಲ್ಪ ದೋಷವೂ ಬೆಳೆಬೆಳೆದು, ಕಡಲಿನಲ್ಲಿಲ್ಲದ ಪರ್ವತಾಕಾರದ ಅಲೆಗಳು ಲೆಕ್ಕದಲ್ಲಿ ಏಳುತ್ತವೆ.

೧೯೩೩ರಲ್ಲಿ ನಾಜಿ ಆಡಳಿತವು ಯಹೂದ್ಯರಾದ ಕೂರಾಂಟರನ್ನು ಹುದ್ದೆಯಿಂದ ದೂರಮಾಡಿತು. ಮೂವರೂ ಕ್ರಮೇಣ ಅಮೆರಿಕವನ್ನು ಸೇರಿದರು. ಅವರ ನಿಯಮವು ಲೋಕವನ್ನೇ ಸುತ್ತಿತು. ೨೦೦೭ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು ಇಂಥ ಲೆಕ್ಕಗಳನ್ನು ಮೊದಲೇ ಮಾಡಿ ಸಂಗ್ರಹಿಸಿಟ್ಟಿದೆ. ಕಡಲತಳ ನಡುಗಿದೊಡನೆ, ಯಾವ ತೀರಕ್ಕೆ ಎಷ್ಟು ಹೊತ್ತಿಗೆ ಅಲೆ ಬಂದೀತೆಂಬುದನ್ನು ಆ ಸಂಗ್ರಹದಿಂದ ತಿಳಿಯಬಹುದು. ಅಂದು ವ್ಯರ್ಥವಾಗಿ ಕಳೆದ ಎರಡು ಗಂಟೆಗಳು ಇನ್ನು ವ್ಯರ್ಥವಾಗಬೇಕಾಗಿಲ್ಲ.