ಚಿತ್ರಕಥೆಗಳ ಕಾಪು

ಓಲೆಗರಿಯ ಕಟ್ಟು ಬಿಚ್ಚಿ ಪಾಠಾಂತರ ಗುರುತಿಸುವ ವಿದ್ಯೆಯನ್ನು ಕನ್ನಡ ಎಂ.ಎ. ತರಗತಿಗೆ ಹಲವು ವರ್ಷ ಕಲಿಸಿದವನು ನಾನು. ಅಂಥವನು ಮಕ್ಕಳ ಚಿತ್ರಕಥೆಗಳನ್ನು ಮನೆಯಲ್ಲಿ ಕಾಪಾಡಿಕೊಳ್ಳುವ ಬಗೆಯನ್ನು ಕುರಿತು ಮಾತನಾಡಲು ಹೊರಟರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ನನ್ನ ಮನೆಯಲ್ಲಿ ಬಂದೇ ಬಂದಿದೆ. ಆದರೆ ಒಂದು ಮಾತು ಯೋಚಿಸಿ. ನಾಲ್ಕು ನೂರು ವರ್ಷ ಹಳೆಯದೊಂದು ಕಾವ್ಯದ ಓಲೆಪ್ರತಿ ಬೇಕೆಂದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಹೋಗಿ ವಿಚಾರಿಸಬಹುದು. ಐವತ್ತು ವರ್ಷದ ಹಿಂದಿನ ಕನ್ನಡ ಚಿತ್ರಕಥೆಯೊಂದು ಬೇಕೆಂದರೆ ಎಲ್ಲಿಗೆ ಹೋಗುತ್ತೀರಿ? ನಾನು ತಟ್ಟಿದ ಬಾಗಿಲುಗಳಲ್ಲಿ ಹೆಚ್ಚಿನವು ‘ಅವೆಲ್ಲ ರದ್ದಿಗೆ ಹೋದವಲ್ಲ ಸಾರ್’ ಎಂದೇ ಉತ್ತರಿಸಿದವು. ಉಳಿದಿದ್ದರೆ ಅವು ಯಾರದಾದರೂ ಮನೆಯ ಬೀರುವಿನಲ್ಲಿ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಉಳಿದಿರಬೇಕು.

ಕಳೆದುಹೋಗುತ್ತಿರುವುದು ಸಾಮಾನ್ಯ ವಸ್ತುವಲ್ಲ. ‘ಅಮರ ಚಿತ್ರ ಕಥೆ’ ಎಂದೊಡನೆ ನಮಗೆ ಮುಂಬಯಿ ಮತ್ತು ಅನಂತ ಪೈ ಅವರು ನೆನಪಾಗುತ್ತಾರೆ, ಅದು ನ್ಯಾಯವೇ. ಆದರೆ ಆ ಹೆಸರಿನ ಪುಸ್ತಕಗಳು ೧೯೬೫ರಲ್ಲಿ ಕನ್ನಡದಲ್ಲಿ ಹೊರಬಂದಿದ್ದುವು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರೇರಣೆಯಿಂದ ಬಂದ ಆ ಮೊದಲ ಹತ್ತು ಪುಸ್ತಕಗಳು ಸಿಂಡರೆಲ್ಲಳಂಥ ಪಾಶ್ಚಾತ್ಯ ಕಿನ್ನರ ಕಥೆಗಳ ಅನುವಾದ. ಅನಂತರ ಬಂದ ‘ಕೃಷ್ಣ’ದ ಮೇಲೆ ಹನ್ನೊಂದನೆಯ ಸಂಖ್ಯೆ ಏಕಿದೆಯೆಂದು ಬೆರಗಾಗುವವರಿಗೆ ಉತ್ತರ ಇಲ್ಲಿದೆ. ೧೯೬೪ರಲ್ಲಿ ಆರಂಭವಾಗಿ ೧೯೯೦ರಲ್ಲಿ ನಿಂತುಹೋದ ‘ಇಂದ್ರಜಾಲ ಕಾಮಿಕ್ಸ್’ ಕೂಡ ಕನ್ನಡದಲ್ಲಿ ಬರುತ್ತಿತ್ತು. ಫ್ಯಾಂಟಮ್, ಮ್ಯಾಂಡ್ರೇಕ್, ಆಮೇಲೆ ಆಬಿದ್ ಸೂರ್ತಿಯವರ ಬಹಾದೂರ್ ಕನ್ನಡ ಮಾತನಾಡಿದ್ದು ಹೇಗೆ, ಅರಣ್ಯದ ದರೋಡೆಕೋರನು ಯಾವ ಕನ್ನಡದಲ್ಲಿ ಬೈಯುತ್ತಿದ್ದನು ಎಂಬುದು ಭಾಷಾಶಾಸ್ತ್ರಕ್ಕೂ ಒಂದು ಸಂಗತಿಯೇ ಎಂದು ನನ್ನ ಅಭಿಪ್ರಾಯ. ಸಹೋದ್ಯೋಗಿಗಳು ಇದನ್ನು ಒಪ್ಪುತ್ತಿರಲಿಲ್ಲ.

ಚಿತ್ರಕಥೆಯ ಕಾಗದಕ್ಕೆ ಹುಟ್ಟಿನಿಂದಲೇ ಆಯುಸ್ಸು ಕಡಿಮೆ. ಹಿಂದೆ ಯುರೋಪಿನಲ್ಲಿ ಕಾಗದವನ್ನು ಚಿಂದಿಬಟ್ಟೆಯಿಂದ ತಯಾರಿಸುತ್ತಿದ್ದರು. ಅದು ಶತಮಾನಗಳವರೆಗೆ ಬಾಳುತ್ತಿತ್ತು. ೧೮೦೭ರಲ್ಲಿ ಜರ್ಮನಿಯ ಮೊರಿಟ್ಜ್ ಇಲ್ಲಿಗ್ ಎಂಬಾತ, ಮಸಿ ಹರಡದಂತೆ ಕಾಗದಕ್ಕೆ ಪಟಿಕ ಮತ್ತು ಮರದ ರಾಳವನ್ನು ಸೇರಿಸುವ ಕ್ರಮವನ್ನು ಪ್ರಕಟಿಸಿದ. ೧೮೪೦ರ ದಶಕದಲ್ಲಿ ಅದೇ ದೇಶದ ಕೆಲ್ಲರ್ ಎಂಬಾತ ಮರವನ್ನೇ ಅರೆದು ತಿರುಳು ಮಾಡುವ ಉಪಾಯ ಕಂಡುಹಿಡಿದ. ಕಾಗದ ಅಗ್ಗವಾಯಿತು, ಪತ್ರಿಕೆಗಳು ಬೆಳೆದುವು, ಅಗ್ಗದ ಚಿತ್ರಕಥೆಗಳೂ ಸಾಧ್ಯವಾದುವು. ಆದರೆ ಅರೆದ ಮರದಲ್ಲಿ ಲಿಗ್ನಿನ್ ಎಂಬ ದ್ರವ್ಯ ಹಾಗೆಯೇ ಉಳಿದಿರುತ್ತದೆ. ಬೆಳಕೂ ಗಾಳಿಯೂ ತಾಗಿದಂತೆ ಅದು ಹಳದಿಯಾಗುತ್ತದೆ. ಪಟಿಕವು ತೇವದೊಡನೆ ಸೇರಿ ಆಮ್ಲವನ್ನು ಹುಟ್ಟಿಸುತ್ತದೆ. ಆಮ್ಲವು ಕಾಗದದ ನಾರಿನ ಎಳೆಗಳನ್ನು ಒಳಗಿಂದೊಳಗೇ ಕತ್ತರಿಸುತ್ತ ಹೋಗುತ್ತದೆ. ಕೊನೆಗೆ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಶಾಖ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕು. ಹೆಂಚಿನ ಕೆಳಗಿನ ಅಟ್ಟ ಅದಕ್ಕೆ ಒಲೆಯಿದ್ದಂತೆ.

ಹಾಗಿದ್ದರೆ ಇವನ್ನು ಉಳಿಸುವುದು ಸಾಧ್ಯವೆ? ಸಾಧ್ಯ ಎಂಬುದಕ್ಕೆ ಅಮೆರಿಕದ ಕೊಲರಾಡೋದಲ್ಲೊಂದು ನಿದರ್ಶನವಿದೆ. ಎಡ್ಗರ್ ಚರ್ಚ್ ಎಂಬ ಜಾಹೀರಾತು ಚಿತ್ರಕಾರ ೧೯೩೦ರ ದಶಕದ ಕೊನೆಯಿಂದ ಹಲವಾರು ವರ್ಷ ಚಿತ್ರಕಥೆಗಳನ್ನು ಕೊಂಡು ಮನೆಯ ನೆಲಮಾಳಿಗೆಯ ಕೋಣೆಯೊಂದರಲ್ಲಿ ಪೇರಿಸಿಡುತ್ತ ಹೋದ. ೧೯೭೭ರಲ್ಲಿ ಮನೆಯವರು ಅವನ್ನು ಮಾರಲು ಹೊರಟಾಗ ಚಕ್ ರೋಜಾನ್ಸ್ಕಿ ಎಂಬ ತರುಣ ವ್ಯಾಪಾರಿ ಕೊಂಡ. ಪುಸ್ತಕಗಳ ಸಂಖ್ಯೆ ೧೮,೦೦೦ಕ್ಕೂ ಮೇಲೆ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ೧೯೩೮ರ ಸಂಚಿಕೆಯೂ ಅದರಲ್ಲಿತ್ತು. ಅಂಗಡಿಯಿಂದ ಆಗತಾನೆ ತಂದಂತೆ ಹಾಳೆಗಳು ಬೆಳ್ಳಗಿದ್ದುವು. ಕಾಗದ ಅದೇ ಅಗ್ಗದ ಕಾಗದ. ಚರ್ಚ್ ಯಾವ ಔಷಧಿಯನ್ನೂ ಹಾಕಿರಲಿಲ್ಲ. ಆ ಪ್ರಾಂತದ ಗಾಳಿ ಒಣಗಾಳಿ, ಕೋಣೆ ತಂಪು ಮತ್ತು ಕತ್ತಲು, ಪುಸ್ತಕಗಳು ಒಂದರ ಮೇಲೊಂದು ಒತ್ತಿಕೊಂಡಿದ್ದುದರಿಂದ ಒಳಗೆ ಗಾಳಿಯಾಡಲಿಲ್ಲ. ಇಷ್ಟೇ ಅದರ ರಹಸ್ಯ.

ಚರ್ಚ್ ಮಾಡಿದ್ದನ್ನೇ ನಮ್ಮ ಮಲೆನಾಡಿನಲ್ಲಿ ಮಾಡಿದರೆ ಏನಾದೀತೆಂಬುದನ್ನು ನಾನು ಅನುಭವದಿಂದ ಬಲ್ಲೆ. ತೀರ್ಥಹಳ್ಳಿಯ ನಮ್ಮ ಹಳೆಯ ಮನೆಯಲ್ಲಿ ನನ್ನ ಪುಸ್ತಕಗಳನ್ನು ಕಬ್ಬಿಣದ ಟ್ರಂಕಿನಲ್ಲಿ ತುಂಬಿ, ಬೀಗ ಹಾಕಿ, ಭದ್ರವಾಯಿತೆಂದು ಹಿಗ್ಗಿ ಕಾಲೇಜಿಗೆ ಹೋದೆ. ಆಷಾಢ ಶ್ರಾವಣಗಳ ಮಳೆ ಕಳೆದು ದಸರಾ ರಜೆಗೆ ಬಂದು ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿಯ ಬೂಷ್ಟು. ರಾತ್ರಿಯ ತಂಪಿಗೆ ಕಬ್ಬಿಣದ ಒಳಮೈ ಬೆವರಿತ್ತು. ಆ ನೀರಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ಅಮ್ಮ ಕನಿಕರದಿಂದ ಅಷ್ಟನ್ನೂ ಅಂಗಳದ ಬಿಸಿಲಿಗೆ ಹರಡಿದಳು. ಬೂಷ್ಟು ಒಣಗಿತು, ಜೊತೆಗೆ ಮುಖಪುಟಗಳ ಬಣ್ಣವೂ ಇಳಿಯಿತು. ಗಾಳಿಯ ತೇವಾಂಶ ನೂರಕ್ಕೆ ಅರವತ್ತೈದನ್ನು ಮೀರಿ ನಿಂತರೆ ಬೂಷ್ಟಿಗೆ ಹಬ್ಬ. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಅದು ತಿಂಗಳುಗಟ್ಟಲೆ ಅದರ ಮೇಲೆಯೇ ಇರುತ್ತದೆ. ಆದುದರಿಂದ ಇಲ್ಲಿ ಪುಸ್ತಕಕ್ಕೆ ಕತ್ತಲೆಯೂ ಬೇಕು, ಉಸಿರಾಟವೂ ಬೇಕು.

ಮನೆಯ ಒಳಗೋಡೆಗೆ, ಅಂದರೆ ಮಳೆ ಬಡಿಯದ ಗೋಡೆಗೆ ಒಂದು ಗೇಣು ಬಿಟ್ಟು ಬೀರು ನಿಲ್ಲಿಸಿ. ಬಚ್ಚಲಿಗೆ ಅಂಟಿದ ಗೋಡೆ ಬೇಡ. ಕೆಳಗಿನ ಅರೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ. ನೀರಿನ ಕೊಳಾಯಿ ಒಡೆಯುವುದಕ್ಕೆ ಮುಹೂರ್ತ ನೋಡುವುದಿಲ್ಲ. ಪುಸ್ತಕಗಳನ್ನು ಗಟ್ಟಿರಟ್ಟಿನ ಪೆಟ್ಟಿಗೆಗಳಲ್ಲಿ ನೆಟ್ಟಗೆ ನಿಲ್ಲಿಸುವುದು ಒಳ್ಳೆಯದು. ಬಾಗದಷ್ಟು ಒತ್ತಾಗಿರಬೇಕು, ಬೆರಳು ತೂರಿಸಿ ಒಂದನ್ನು ತೆಗೆಯುವಷ್ಟು ಸಡಿಲವಾಗಿರಬೇಕು. ಪೆಟ್ಟಿಗೆಗೆ ಜಾಗವಿಲ್ಲದವರು ಹತ್ತು ಹದಿನೈದರ ಸಣ್ಣ ರಾಶಿಗಳಾಗಿ ಮಲಗಿಸಬಹುದು; ಬೆನ್ನುಗಳು ಒಂದೇ ಕಡೆ ಬಂದರೆ ರಾಶಿ ಓಲುತ್ತದೆ, ಆದ್ದರಿಂದ ಆಗಾಗ ದಿಕ್ಕು ಬದಲಿಸಬೇಕು. ಮಳೆಗಾಲ ಮುಗಿದ ಮೇಲೆ ಒಣಹವೆಯ ದಿನ ನೋಡಿ ಬೀರುವಿನ ಬಾಗಿಲು ತೆರೆದಿಟ್ಟು, ನೆರಳಿನಲ್ಲಿ ಗಾಳಿಯಾಡಿಸಿ. ಬಿಸಿಲಿಗೆ ಮಾತ್ರ ಬೇಡ.

ಈಗ ಹೆಚ್ಚಿನ ಸಂಗ್ರಹಕಾರರು ಒಂದೊಂದು ಪುಸ್ತಕಕ್ಕೂ ಒಂದೊಂದು ಪ್ಲಾಸ್ಟಿಕ್ ಕವರು ಹಾಕುತ್ತಾರೆ. ಇಲ್ಲಿ ಪ್ಲಾಸ್ಟಿಕ್ಕಿನ ಜಾತಿ ನೋಡಲೇಬೇಕು. ಹೊಸ ಮಳೆಯಂಗಿಯ ವಾಸನೆ ಬರುವ ಮೆತ್ತನೆಯ ಪಿ.ವಿ.ಸಿ. ಕವರು ಶತ್ರು, ಅದು ಕಾಲಾಂತರದಲ್ಲಿ ಆಮ್ಲವನ್ನು ಹೊರಬಿಡುತ್ತದೆ, ಮುಖಪುಟಕ್ಕೆ ಅಂಟಿಕೊಳ್ಳುತ್ತದೆ. ಹೊಸ ಅಂಗಿಗೆ ಸುತ್ತಿಬರುವ ಗರಿಗರಿ ಸದ್ದಿನ ಹಾಳೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದು ವಾಸಿ, ಆದರೂ ಕೆಲವು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಪಾಲಿಯೆಸ್ಟರ್ ಹಾಳೆ ಎಲ್ಲಕ್ಕಿಂತ ಉತ್ತಮ, ಬೆಲೆಯೂ ಹಾಗೆಯೇ. ಬೆನ್ನಿಗೆ ಆಸರೆಯಾಗಿ ಇಡುವ ರಟ್ಟು ಆಮ್ಲರಹಿತವಾಗಿರಲಿ. ನೋಟ್ ಪುಸ್ತಕದ ಹಿಂಬದಿಯ ಕಂದುಬಣ್ಣದ ರಟ್ಟಿನಲ್ಲಿರುವ ಆಮ್ಲ ನೆರೆಯ ಹಾಳೆಗೆ ಹರಿದು ಕಲೆ ಮಾಡುತ್ತದೆ. ಪುಸ್ತಕದ ನಡುವೆ ಪತ್ರಿಕೆಯ ತುಣುಕು ಇಡುವವರೂ, ಅರಳಿ ಎಲೆ ಇಡುವವರೂ ಇದೇ ತಪ್ಪು ಮಾಡುತ್ತಾರೆ. ಕವರಿನ ಬಾಯಿಗೆ ಟೇಪು ಹಚ್ಚಿ ಬಿಗಿಯಬೇಡಿ. ಒಳಗೆ ತೇವ ಸಿಕ್ಕಿಬೀಳುತ್ತದೆ. ತೆಗೆಯುವಾಗ ಆ ಟೇಪು ಮುಖಪುಟವನ್ನು ಕಿತ್ತುಕೊಳ್ಳುತ್ತದೆ. ಮಡಿಸಿಟ್ಟರೆ ಸಾಕು.

ಟೇಪಿನ ಹೆಸರು ಬಂದದ್ದರಿಂದ ರಿಪೇರಿಯ ಮಾತನ್ನೂ ಹೇಳಿಬಿಡುತ್ತೇನೆ. ಹರಿದ ಹಾಳೆಗೆ ಸೆಲ್ಲೋಟೇಪು ಅಂಟಿಸುವ ಕೈ ಒಳ್ಳೆಯ ಕೈಯೇ, ಆದರೆ ಹತ್ತು ವರ್ಷದಲ್ಲಿ ಟೇಪು ಉದುರಿ ಅಂಟು ಕಂದುಕಲೆಯಾಗಿ ಅಕ್ಷರಗಳೊಳಗೆ ಇಳಿದಿರುತ್ತದೆ. ತೆಳುವಾದ ಟಿಶ್ಯೂ ಕಾಗದ ಮತ್ತು ತೆಳ್ಳಗೆ ಕುದಿಸಿದ ಪಿಷ್ಟದ ಅಂಟು ಸಾಕು. ನೀರು ಸೋಕಿಸಿ ಮತ್ತೆ ಬಿಡಿಸಬಹುದು. ತಿರುಗಿ ಬಿಡಿಸಲಾಗದ ಯಾವ ಉಪಚಾರವನ್ನೂ ಮಾಡಬಾರದು. ಲ್ಯಾಮಿನೇಷನ್ ಅಂಥದು. ಬೈಂಡಿಂಗ್ ಕೂಡ ಬಹುಮಟ್ಟಿಗೆ ಅಂಥದೇ.

ನನಗೆ ಹದಿನಾಲ್ಕು ತುಂಬಿದ ಬೇಸಗೆಯಲ್ಲಿ ತಂದೆಯವರು ಹನ್ನೆರಡು ‘ಇಂದ್ರಜಾಲ’ಗಳನ್ನು ಒಟ್ಟುಮಾಡಿ, ‘ಬೈಂಡು ಮಾಡಿಸೋಣ ಕಣೋ, ಶಾಶ್ವತವಾಗಿ ಉಳೀತವೆ’ ಎಂದು ಶಿವಮೊಗ್ಗದ ಬೈಂಡರೊಬ್ಬರಿಗೆ ಕೊಟ್ಟರು. ವಾರ ಕಳೆದು ಹೋದಾಗ ಕೆಂಪು ಕ್ಯಾಲಿಕೋ ಹೊದ್ದ ದಪ್ಪ ಪುಸ್ತಕ ಕೈಗೆ ಬಂತು. ಬಣ್ಣದ ಮುಖಪುಟಗಳು ಇರಲಿಲ್ಲ. ‘ಅವೆಲ್ಲ ಯಾಕೆ ಸ್ವಾಮಿ, ಹೊಲಿಗೆಗೆ ಅಡ್ಡ ಬರ್ತಾವೆ’ ಎಂದರು ಆತ. ಅಂಚುಗಳನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟಿದ್ದರಿಂದ ಪುಟದ ತುದಿಗಿದ್ದ ಮಾತಿನ ಗುಳ್ಳೆಗಳ ಕಾಲುಭಾಗ ಹಾರಿಹೋಗಿತ್ತು. ಬೆನ್ನಿನ ಕಡೆ ಹೊಲಿಗೆ ಮಾತುಗಳನ್ನು ನುಂಗಿತ್ತು. ಖಳನು ‘ನಿನ್ನನ್ನು ಜೀವಸ—’ ಎಂದು ಕೈಯೆತ್ತಿದ್ದಾನೆ. ಏನು ಮಾಡುತ್ತೇನೆಂದನೋ ನನಗೆ ತಿಳಿಯಲಿಲ್ಲ. ಬೈಂಡರನ್ನು ದೂರುವುದು ಸಲ್ಲದು. ಲೆಡ್ಜರು ಕಟ್ಟುವ ಕೈ ಲೆಡ್ಜರಿನಂತೆ ಕಟ್ಟಿತು. ನಾವು ಕೇಳಿದ್ದೂ ಅದನ್ನೇ.

ಪಿನ್ನು ತುಕ್ಕು ಹಿಡಿದು ಹಾಳೆಯನ್ನು ತಿನ್ನುತ್ತಿದ್ದರೆ ಮಾತ್ರ ಅದನ್ನು ಮೆಲ್ಲನೆ ನೆಟ್ಟಗೆ ಮಾಡಿ ತೆಗೆದು, ಅದೇ ತೂತುಗಳಲ್ಲಿ ಹತ್ತಿಯ ದಾರ ಪೋಣಿಸಿ ಸಡಿಲವಾಗಿ ಗಂಟುಹಾಕಬಹುದು. ಮಾರುಕಟ್ಟೆಯ ಬೆಲೆ ಎಣಿಸುವವರು ಇದಕ್ಕೆ ಒಪ್ಪಲಾರರು. ನಾನು ಎಣಿಸುವವನಲ್ಲ.

ಇನ್ನು ಹುಳುಗಳು. ಓಲೆಗರಿಯ ಲಿಪಿಕಾರರು ನೀರನ್ನೂ ಸಡಿಲಕಟ್ಟನ್ನೂ ಗ್ರಂಥದ ವೈರಿಗಳೆಂದು ಕೊನೆಯಲ್ಲಿ ಬರೆದು ಎಚ್ಚರಿಸುವುದುಂಟು. ಹಿರಿಯರು ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಿದ್ದರು, ಕಟ್ಟಿನಲ್ಲಿ ಬಜೆ ಇಡುತ್ತಿದ್ದರು. ಎಣ್ಣೆ ಓಲೆಗೆ ಹಿತ, ಕಾಗದಕ್ಕೆ ಕಲೆ. ಈ ಭೇದ ಮರೆಯಬಾರದು. ಬೇವಿನೆಲೆಯನ್ನು ಹಸಿಯಾಗಿ ತುರುಕಿದರೆ ಅದೇ ತೇವ ಕೊಡುತ್ತದೆ. ನುಸಿಗುಳಿಗೆಯ ಆವಿ ಉಸಿರಾಡುವವರಿಗೆ, ಅದರಲ್ಲೂ ಎಳೆಯ ಮಕ್ಕಳಿಗೆ ಒಳ್ಳೆಯದಲ್ಲ. ಮಕ್ಕಳ ಪುಸ್ತಕಕ್ಕೆ ಮಕ್ಕಳಿಗೆ ಆಗದ ಔಷಧಿ ಏತಕ್ಕೆ? ಮೀನಿನಾಕಾರದ, ಬೆಳ್ಳಿಯಂತೆ ಹೊಳೆಯುವ ಪುಟ್ಟ ಹುಳು ಪಿಷ್ಟವನ್ನೂ ತೇವವನ್ನೂ ಅರಸಿ ಬರುತ್ತದೆ, ಜಿರಲೆ ಅಡಿಗೆಮನೆಯಿಂದ ಬರುತ್ತದೆ, ಗೆದ್ದಲು ಗೋಡೆಯೊಳಗಿಂದ. ತಿಂಗಳಿಗೊಮ್ಮೆ ಪೆಟ್ಟಿಗೆ ಸರಿಸಿ ಹಿಂದುಗಡೆ ನೋಡುವ ಅಭ್ಯಾಸಕ್ಕೆ ಸಮನಾದ ಮದ್ದಿಲ್ಲ. ಹಳೆಯ ಪುಸ್ತಕದ ಅಂಗಡಿಯಿಂದ ತಂದದ್ದನ್ನು ಕೂಡಲೆ ಉಳಿದವುಗಳೊಡನೆ ಸೇರಿಸಬೇಡಿ. ಕೆಲವು ವಾರ ಬೇರೆಯಿಟ್ಟು ನೋಡಿ. ಹುಳು ಇದೆಯೆಂದು ಸಂಶಯವಾದರೆ ಎರಡು ಪಾಲಿಥೀನ್ ಚೀಲಗಳಲ್ಲಿ ಗಾಳಿ ತೆಗೆದು ಮುಚ್ಚಿ, ಶೂನ್ಯಕ್ಕಿಂತ ಹದಿನೆಂಟು ಇಪ್ಪತ್ತು ಡಿಗ್ರಿ ಕೆಳಗಿರುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಬಹುದು. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಹಾಳೆಯ ಮೇಲೆ ಹನಿಗಟ್ಟುತ್ತದೆ. ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ತಂದ ಮಾವಿನಹೋಳಿನ ಪಕ್ಕದಲ್ಲಿ ಮ್ಯಾಂಡ್ರೇಕ್ ಹದಿನಾಲ್ಕು ದಿನ ಮಲಗಿದ್ದ. ಆ ಹದಿನಾಲ್ಕು ದಿನ ನಾನು ಕೇಳಿದ ಮಾತುಗಳನ್ನು ಇಲ್ಲಿ ಹೇಳಬೇಕಾಗಿಲ್ಲ.

ಹುಳುವಿಗಿಂತ ದೊಡ್ಡ ಭಯ ಮನೆ ಬದಲಾಯಿಸುವ ದಿನ. ತಲೆ ಮಾಸಿದ ಪೆಟ್ಟಿಗೆ, ಒಳಗೇನಿದೆಯೆಂದು ಯಾರಿಗೂ ಗೊತ್ತಿಲ್ಲ, ರದ್ದಿಯವನು ಬಾಗಿಲಲ್ಲಿದ್ದಾನೆ. ಅದಕ್ಕಾಗಿಯೇ ಒಂದು ಪಟ್ಟಿ ಇರಬೇಕು. ಪುಸ್ತಕದ ಹೆಸರು, ಸಂಚಿಕೆಯ ಸಂಖ್ಯೆ, ಭಾಷೆ, ವರ್ಷ, ಅಂದಿನ ಬೆಲೆ, ಚಿತ್ರಕಾರರ ಹೆಸರಿದ್ದರೆ ಅದು, ಯಾವ ಪುಟ ಕಳೆದಿದೆಯೆಂಬುದು. ಪೆಟ್ಟಿಗೆಯ ಹೊರಗೆ ದೊಡ್ಡಕ್ಷರದಲ್ಲಿ ‘ಕನ್ನಡ ಚಿತ್ರಕಥೆ, ಮಾರಬೇಡಿ’ ಎಂದು ಬರೆದಿಡಿ. ಪುಸ್ತಕದ ಮೇಲೆ ಮಸಿಯಲ್ಲಿ ಏನನ್ನೂ ಬರೆಯಬೇಡಿ. ಅಗತ್ಯವಾದರೆ ಮೆದು ಪೆನ್ಸಿಲು. ಸಂಗ್ರಹ ಬೆಳೆಯುತ್ತಿರುವವರಿಗೆ ಈ ಪಟ್ಟಿ ಇನ್ನೊಂದು ಉಪಕಾರ ಮಾಡುತ್ತದೆ: ಇದ್ದದ್ದನ್ನೇ ಮತ್ತೆ ಕೊಳ್ಳುವುದು ತಪ್ಪುತ್ತದೆ. ನನ್ನಲ್ಲಿ ಒಂದೇ ಸಂಚಿಕೆ ಮೂರು ಪ್ರತಿ ಇರುವುದು ಪಟ್ಟಿ ಬರೆದಾಗಲೇ ಬೆಳಕಿಗೆ ಬಂತು.

ನಮ್ಮ ಮನೆಯ ಪಟ್ಟಿಯನ್ನು ಈಗ ಬರೆಯುವವಳು ಮೊಮ್ಮಗಳು. ಅವಳು ತರುವ ಹೊಸ ಪುಸ್ತಕಗಳ ಕಾಗದ ನುಣುಪು, ಭಾರವೂ ಹೆಚ್ಚು. ಅವಕ್ಕೆ ಬೇರೆ ಅರೆ ಕೊಟ್ಟಿದ್ದೇವೆ. ಕಳೆದ ಬೇಸಗೆಯಲ್ಲಿ ಅವಳು ಕೆಂಪು ಕ್ಯಾಲಿಕೋದ ಆ ಹಳೆಯ ಪುಸ್ತಕವನ್ನು ಮೇಜಿನ ಮೇಲಿಟ್ಟು, ಬೆನ್ನು ಬಿರಿಯದಂತೆ ಎರಡು ಕಡೆಯೂ ದಿಂಬು ಕೊಟ್ಟು ಓದುತ್ತ ಕುಳಿತಿದ್ದಳು. ‘ಅಜ್ಜಾ, ಇಲ್ಲಿ ಏನಂತ ಇತ್ತು?’ ಎಂದಳು. ಗೊತ್ತಿಲ್ಲವೆಂದೆ. ಅವಳು ಬೇರೊಂದು ಹಾಳೆ ತೆಗೆದುಕೊಂಡು, ಪುಟದ ಸಂಖ್ಯೆ ಹಾಕಿ, ಕತ್ತರಿಸಿ ಹೋದ ಮಾತುಗಳಿಗೆ ತನ್ನ ಊಹೆಯನ್ನು ಪೆನ್ಸಿಲಿನಲ್ಲಿ ಬರೆಯತೊಡಗಿದಳು. ಖಳನ ಗುಳ್ಳೆಯ ಮುಂದೆ ‘ಜೀವಸಹಿತ ಬಿಡುವುದಿಲ್ಲ’ ಎಂದಿದೆ. ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಹಾಳೆಯನ್ನು ಪುಸ್ತಕದೊಳಗೆ ಇಡದೆ, ಪೆಟ್ಟಿಗೆಯಲ್ಲಿ ಬೇರೆ ಕವರಿನಲ್ಲಿ ಇಟ್ಟಿದ್ದಾಳೆ.